ಬೆಟ್ಟದ ಚಳಿಗೆ ಹೊಲಿದ ಬಟ್ಟೆ

ತುಬಾನ್, 12 ನವೆಂಬರ್ 1993

ಭಾವ ಮಾಸ್ ತರ್ನೊ ಅವರಿಗೂ ಅಕ್ಕ ಯು ಪೈನಾ ಅವರಿಗೂ,

ಅಸ್ಸಲಾಮು ಅಲೈಕುಮ್. ಇಲ್ಲಿ ತಾಯಿ ಮಗಳಿಬ್ಬರೂ ಕ್ಷೇಮ. ನಿಮ್ಮ ತಮ್ಮ ತೀರಿಕೊಂಡ ಮೇಲೆ ನಾನಾಗಿ ಬರೆಯುತ್ತಿರುವ ಕಾಗದ ಇದು ಎರಡನೆಯದೋ ಮೂರನೆಯದೋ. ಕೆಲಸವಿದ್ದಾಗ ಮಾತ್ರ ಇವಳಿಗೆ ನಮ್ಮ ನೆನಪು ಎಂದು ಯು ಪೈನಾ ಅಂದರೆ ನಾನು ಇಲ್ಲವೆನ್ನಲಾರೆ. ಈ ಸಲವೂ ಕೆಲಸವೇ.

ಮಗಳು ವೆನಿಂಗ್ ನಿಮ್ಮ ಬೆಟ್ಟ ಹತ್ತುತ್ತಾಳಂತೆ. ಅವಳು ಓದುವ ಶಿಕ್ಷಕರ ಕಾಲೇಜಿನಲ್ಲಿ ಕಾಡು ಬೆಟ್ಟ ಸುತ್ತುವ ಹುಡುಗ ಹುಡುಗಿಯರದ್ದೊಂದು ಸಂಘವಿದೆ. ಜನವರಿ ಕೊನೆಯ ರಜೆಯಲ್ಲಿ ಏಳು ಜನ ಸುಂಬಿಂಗ್ ಹತ್ತುವುದು ಎಂದು ನಿಶ್ಚಯವಾಗಿದೆ. ಬೇಡವೆಂದು ಹೇಳಿ ಸೋತಿದ್ದೇನೆ. "ಬು, ಅದು ಅಪ್ಪ ಹುಟ್ಟಿದ ಬೆಟ್ಟ, ನಾನು ಹತ್ತಬಾರ್ದಾ?" ಅಂದಳು. ಹತ್ತೊಂಬತ್ತು ವರ್ಷದವಳು ಹಾಗೆ ಕೇಳಿದರೆ ಏನು ಹೇಳಲಿ? ನಿಮ್ಮ ಮನೆಯ ಹಿಂದಿನಿಂದಲೇ ದಾರಿ ಹೊರಡುತ್ತದೆ, ಹತ್ತುವವರೆಲ್ಲ ನಿಮ್ಮ ಜಗಲಿಯಲ್ಲಿ ಕೂತು ಹೆಸರು ಬರೆಸಿ ಹೋಗುತ್ತಾರೆ ಎನ್ನುವುದೊಂದೇ ನನಗೆ ಧೈರ್ಯ.

ಅವಳು ಏನು ಉಟ್ಟುಕೊಂಡು ಹತ್ತಬೇಕು ಎಂದು ಕೇಳುವುದಕ್ಕೆ ಈ ಕಾಗದ. ನನಗೆ ಚಳಿ ಗೊತ್ತಿಲ್ಲ. ಕಡಲ ದಂಡೆಯ ಈ ಊರಿನಲ್ಲಿ ಚಳಿ ಎಂದರೆ ಮೀನಿನ ಪೆಟ್ಟಿಗೆಯ ಮಂಜುಗಡ್ಡೆ, ಅಷ್ಟೇ. ಮದುವೆಯಾದ ಹೊಸತರಲ್ಲಿ ನಿಮ್ಮ ಮನೆಗೆ ಬಂದಿದ್ದಾಗ ಹಲ್ಲು ಕಟಕಟಿಸುತ್ತಾ ಕೂತಿದ್ದೆ, ಕಂಬಳಿ ಸಾಲದೆ ಯು ಪೈನಾ ನನ್ನ ಮೇಲೆ ಚಾಪೆಯನ್ನೂ ಹೊದಿಸಿದ್ದರು. ಅದು ಬುಡದ ಊರಿನ ಚಳಿ. ನೆತ್ತಿಯ ಮೇಲೆ ಹೇಗಿರುತ್ತದೋ. ಸುರಬಾಯದ ಅಂಗಡಿಗಳಲ್ಲಿ ಬೆಟ್ಟದ ಬಟ್ಟೆ ಎಂದೇ ಮಾರುತ್ತಾರಂತೆ. ಆದರೆ ಹೊಲಿಯುವವಳ ಮಗಳು ಅಂಗಡಿಯ ಬಟ್ಟೆ ತೊಡುವುದೆಂದರೆ ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತು ವರ್ಷದಿಂದ ಈ ಊರಿನ ಅರ್ಧ ಮಕ್ಕಳ ಶಾಲೆಯ ಸಮವಸ್ತ್ರ ನನ್ನ ಯಂತ್ರದ ಕೆಳಗೇ ಹಾದುಹೋಗಿದೆ. ಏನೇನು ಬೇಕು, ಎಷ್ಟು ದಪ್ಪ ಬೇಕು ಎಂದು ಬರೆಯಿರಿ. ನಾನು ಹೊಲಿಯುತ್ತೇನೆ.

ನಿಮ್ಮ ತಂಗಿ,
ಸುಮಾರ್ನಿ

*

ವಾತುಲಾವಂಗ್, 29 ನವೆಂಬರ್ 1993

ದಿಕ್ ಸುಮಾರ್ನಿಗೆ,

ತಂಗೀ, ನಿನ್ನ ಕಾಗದ ಓದಿ ಪೈನಾ ಆ ಚಾಪೆಯ ಕಥೆಯನ್ನು ಪಕ್ಕದ ಮನೆಗೂ ಹೋಗಿ ಹೇಳಿ ಬಂದಳು. ಬೆಳ್ಳುಳ್ಳಿ ಹಾಕಿದ್ದೇವೆ, ಮಳೆ ಚೆನ್ನಾಗಿ ಹಿಡಿದಿದೆ.

ಜನವರಿ ಒಳ್ಳೆಯ ತಿಂಗಳಲ್ಲ. ಆಗಸ್ಟಿನಲ್ಲಿ ಬಂದರೆ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಆದರೆ ಮಕ್ಕಳು ರಜೆ ಸಿಕ್ಕಾಗ ಬರುತ್ತಾರೆ, ಬೆಟ್ಟವನ್ನು ಕೇಳಿಕೊಂಡು ಬರುವುದಿಲ್ಲ. ಪ್ರತಿ ವರ್ಷವೂ ಬರುತ್ತಾರೆ, ಮೈಯೆಲ್ಲ ಕೆಸರು ಮಾಡಿಕೊಂಡು ನಗುತ್ತಾ ಇಳಿಯುತ್ತಾರೆ. ನೀನು ಹೆದರಬೇಡ.

ಬಟ್ಟೆಯ ಮಾತು. ದಪ್ಪನೆಯ ಜಾಕೆಟ್ ಒಂದು, ಕತ್ತಿನವರೆಗೆ ಗುಂಡಿ ಇರಲಿ. ಒಳಗೆ ಉದ್ದ ತೋಳಿನ ಅಂಗಿ. ಎರಡು ಪ್ಯಾಂಟು, ಜೀನ್ಸ್ ಬೇಡವೇ ಬೇಡ, ಅದು ನೆಂದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಉಣ್ಣೆಯ ಟೋಪಿ, ಕಾಲುಚೀಲ ಮೂರು ಜೊತೆ. ಮಂಡಿಯ ಕೆಳಗೆ ಬರುವ ಮಳೆಯಂಗಿ, ಪೇಟೆಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ಕಿನದು ಗಾಳಿಗೆ ಹರಿದುಹೋಗುತ್ತದೆ, ಗಟ್ಟಿಯದು ನೋಡು. ಇನ್ನೊಂದು ಜೊತೆ ಪೂರ್ತಿ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಡಲಿ, ಡೇರೆಯೊಳಗೆ ಹೋಗುವವರೆಗೆ ಬಿಚ್ಚಬಾರದು. ಯಾವುದೇ ಆಗಲಿ ದಪ್ಪಗಿರಲಿ, ಅಷ್ಟು ನೆನಪಿಟ್ಟುಕೋ.

ಉಳಿದದ್ದು ನನಗೆ ಬಿಡು. ನಮ್ಮ ಜಗಲಿ ದಾಟಿ ಮೇಲೆ ಹೋಗುವವರ ಮೈಮೇಲೆ ಏನಿದೆ ಎಂದು ನಾನು ನೋಡದೆ ಬಿಡುವುದಿಲ್ಲ. ಹೋದ ವರ್ಷ ಚಪ್ಪಲಿಯಲ್ಲಿ ಬಂದಿದ್ದ ಇಬ್ಬರನ್ನು ಬೈದು ವಾಪಸು ಕಳಿಸಿದ್ದೆ. ತಮ್ಮನ ಮಗಳನ್ನು ಸುಮ್ಮನೆ ಬಿಡುತ್ತೇನೆಯೇ? ನಾನು ಸರಿ ಎಂದ ಮೇಲೆಯೇ ಅವಳು ಮೇಲೆ ಹೋಗುವುದು. ಇದು ನನ್ನ ಮಾತು.

ತರ್ನೊ

*

ತುಬಾನ್, 20 ಜನವರಿ 1994

ಮಾಸ್ ತರ್ನೊ ಅವರಿಗೆ,

ಹೊಲಿಗೆ ಮುಗಿಯಿತು. ಹನ್ನೊಂದು ದಿನ ಹಿಡಿಯಿತು. ಶಾಲೆಯವರ ಅಂಗಿಗಳನ್ನೆಲ್ಲ ಬದಿಗೆ ಸರಿಸಿ ಕೂತಿದ್ದೆ.

ಜಾಕೆಟ್ ಕಡುಗೆಂಪು ಬಣ್ಣದ್ದು. ಹೊರಗೊಂದು ಪದರ ಫ್ಲಾನಲ್, ಒಳಗೊಂದು ಪದರ ಫ್ಲಾನಲ್, ನಡುವೆ ಹೊಸ ಹತ್ತಿ ತುಂಬಿ, ಅದು ಸರಿಯದಿರಲೆಂದು ಚೌಕ ಚೌಕವಾಗಿ ಹೊಲಿಗೆ ಹಾಕಿದ್ದೇನೆ. ಹಾಸಿಗೆಯನ್ನೇ ಮೈಗೆ ತೊಟ್ಟ ಹಾಗಿದೆ. ಒಂಬತ್ತು ಗುಂಡಿ. ಕಾಲರಿನ ಒಳಗೆ ಅವಳ ಹೆಸರನ್ನು ಹಳದಿ ದಾರದಲ್ಲಿ ಕಸೂತಿ ಮಾಡಿದ್ದೇನೆ. ಪ್ಯಾಂಟುಗಳು ಸ್ಕೌಟು ಮಕ್ಕಳ ಕಂದು ಬಟ್ಟೆಯವು, ಮಂಡಿಗೆ ಎರಡು ಪದರ. ಮಳೆಯಂಗಿ ಪೇಟೆಯಲ್ಲಿ ಸಿಕ್ಕಿದ್ದು, ಅಂಗಡಿಯವನು ಗಟ್ಟಿಯದೆಂದೇ ಹೇಳಿದ.

ಮೊನ್ನೆ ಮಧ್ಯಾಹ್ನ ತೊಡಿಸಿ ನೋಡಿದೆ. ಗುಂಡಿ ಹಾಕಿ ಮುಗಿಯುವಷ್ಟರಲ್ಲಿ ಅವಳ ಹಣೆಯಿಂದ ಬೆವರು ಇಳಿಯತೊಡಗಿತು. ನನಗೆ ಸಮಾಧಾನವಾಯಿತು. ತುಬಾನಿನಲ್ಲಿ ಹೀಗೆ ಬೇಯಿಸುವ ಬಟ್ಟೆ ನಿಮ್ಮ ಬೆಟ್ಟದ ಮೇಲೆ ಅವಳನ್ನು ಬೆಚ್ಚಗಿಡದೇ ಇರುತ್ತದೆಯೇ? ಅವಳು ಏನೋ ಗೊಣಗಿದಳು. ಈ ಕಾಲದ ಮಕ್ಕಳಿಗೆ ಅಂಗಡಿಯದ್ದೇ ಆಗಬೇಕು.

ಇಪ್ಪತ್ತೇಳರಂದು ನಿಮ್ಮಲ್ಲಿಗೆ ಬರುತ್ತಾರೆ. ಅವಳ ಕೈಯಲ್ಲಿ ಒಣಮೀನು ಕಳಿಸುತ್ತೇನೆ. ಹೊರಡುವ ಮೊದಲು ಎಲ್ಲ ಸರಿಯಿದೆಯೇ ಎಂದು ನೀವೊಮ್ಮೆ ನೋಡಿ. ನಿಮ್ಮ ಮಾತಿನ ಮೇಲೆ ಕಳಿಸುತ್ತಿದ್ದೇನೆ.

ಸುಮಾರ್ನಿ

*

ವಾತುಲಾವಂಗ್, 19 ಫೆಬ್ರವರಿ 1994

ದಿಕ್ ಸುಮಾರ್ನಿಗೆ,

ನಿನ್ನನ್ನು ಬಸ್ಸು ಹತ್ತಿಸಿ ಬಂದು ಹತ್ತು ದಿನವಾಯಿತು. ಮನೆ ಮುಟ್ಟಿದ ಸುದ್ದಿ ಬರಲಿಲ್ಲ. ಉಪವಾಸದ ತಿಂಗಳು, ಮೈ ನೋಡಿಕೋ. ಸಂಜೆ ಉಪವಾಸ ಬಿಡುವ ಹೊತ್ತಿಗಾದರೂ ಏನಾದರೂ ತಿನ್ನು. ಇಲ್ಲಿದ್ದಾಗ ನೀನು ಗಂಜಿಯನ್ನೂ ಮುಟ್ಟಲಿಲ್ಲವೆಂದು ಪೈನಾ ಇನ್ನೂ ಹೇಳುತ್ತಾಳೆ.

ಆಗ ನೀನು ನಮ್ಮ ಜಗಲಿಯಲ್ಲಿ ಕೂತು ಒಂದೇ ವಿಷಯವನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ, ಬರೆದುಕೊಡಿ ಎಂದಿದ್ದೆ. ಬರೆಯುತ್ತೇನೆ.

ಇಪ್ಪತ್ತೆಂಟರ ಬೆಳಿಗ್ಗೆ ಏಳೂ ಜನ ಹತ್ತಿದರು. ಮಧ್ಯಾಹ್ನದಿಂದ ಮಳೆ. ಮೇಲಿನ ಹುಲ್ಲುಗಾವಲಿನಲ್ಲಿ ಡೇರೆ ಹಾಕಿದರು, ನೀರು ಒಳಗೆ ಬಂತು. ಮರುದಿನ ಬೆಳಿಗ್ಗೆ ತುದಿ ಮುಟ್ಟಿ ಇಳಿಯುವಾಗ ಗಾಳಿ ಎದ್ದಿತು, ಮಂಜು ಕವಿಯಿತು. ವೆನಿಂಗ್ ಹಿಂದೆ ಬಿದ್ದಳು. ಗಿಯಂತೊ ಎಂಬ ಹುಡುಗ ಅವಳ ಜೊತೆ ಉಳಿದ, ಉಳಿದ ಐವರು ಮುಂದಿದ್ದರು. ಅವಳು ಇನ್ನು ನಡೆಯಲಾರೆ ಎಂದಾಗ ಅವನು ಅವಳನ್ನು ಒಂದು ಬಂಡೆಯ ಮರೆಯಲ್ಲಿ ಕೂರಿಸಿ ಮುಂದಿನವರನ್ನು ಕರೆತರಲು ಓಡಿದ. ಮುಕ್ಕಾಲು ಗಂಟೆಯಾಗಿರಬಹುದು ಎನ್ನುತ್ತಾನೆ. ತಿರುಗಿ ಬಂದಾಗ ಬಂಡೆ ಇತ್ತು, ಅವಳು ಇರಲಿಲ್ಲ. ಆಮೇಲಿನದು ನಿನಗೆ ಗೊತ್ತು. ಹನ್ನೊಂದು ದಿನ ಅರವತ್ತು ಜನ ಹುಡುಕಿದೆವು.

ಸರ್ಕಾರದವರು ಹುಡುಕಾಟ ನಿಲ್ಲಿಸಿದ್ದಾರೆ. ನಾನು ನಿಲ್ಲಿಸಿಲ್ಲ. ವಾರಕ್ಕೆರಡು ದಿನ ಊರಿನ ಇಬ್ಬರನ್ನು ಕರೆದುಕೊಂಡು ಹೋಗುತ್ತೇನೆ. ಇದುವರೆಗೆ ಏನೂ ಸಿಕ್ಕಿಲ್ಲ.

ಮಾರ್ಚ್ ಒಂಬತ್ತಕ್ಕೆ ನಲವತ್ತು ದಿನವಾಗುತ್ತದೆ. ಅನ್ನ ಬಡಿಸಿ ಪ್ರಾರ್ಥನೆ ಮಾಡಿಸುವುದು ಇಲ್ಲಿಯೋ ನಿನ್ನಲ್ಲಿಯೋ ಎಂದು ತಿಳಿಸು.

ತರ್ನೊ

*

ತುಬಾನ್, 3 ಮಾರ್ಚ್ 1994

ಮಾಸ್ ತರ್ನೊ ಅವರಿಗೆ,

ನಲವತ್ತನೆಯ ದಿನವನ್ನು ಇಲ್ಲೂ ಮಾಡುವುದಿಲ್ಲ, ಅಲ್ಲೂ ಮಾಡಬೇಡಿ. ಸತ್ತವರಿಗೆ ಮಾಡುವುದನ್ನು ಬದುಕಿರುವವಳಿಗೆ ಮಾಡಿದರೆ ಅವಳ ಆಯುಷ್ಯಕ್ಕೆ ಒಳ್ಳೆಯದಲ್ಲ.

ನಾನು ಹುಚ್ಚಿಯಾಗಿಲ್ಲ, ಯೋಚಿಸಿಯೇ ಬರೆಯುತ್ತಿದ್ದೇನೆ. ಬೆಟ್ಟದಲ್ಲಿ ಕಳೆದುಹೋದವರು ಸಾಯುವುದು ಚಳಿಗೆ ಎಂದು ನಿಮ್ಮ ಜಗಲಿಯಲ್ಲಿ ಕೂತಿದ್ದ ಗಂಡಸರೆಲ್ಲ ಹೇಳಿದರು. ಹಸಿವಿಗೆ ಅಲ್ಲ, ಬೆಟ್ಟದಲ್ಲಿ ನೀರಿದೆ, ಹಣ್ಣಿದೆ. ಹಾಗಿದ್ದ ಮೇಲೆ ಅವಳ ಮೈಮೇಲೆ ಆ ಜಾಕೆಟ್ ಇದೆಯಲ್ಲ. ಅವಳನ್ನು ತೆಳ್ಳನೆಯ ಅಂಗಿಯಲ್ಲಿ ಕಳಿಸಿದ್ದರೆ ನಾನೂ ಇಷ್ಟು ಹೊತ್ತಿಗೆ ಕೈ ತೊಳೆದುಕೊಂಡು ಕೂರುತ್ತಿದ್ದೆ. ದಿಕ್ಕು ತಪ್ಪಿ ಬೆಟ್ಟದ ಆ ಬದಿಗೆ ಇಳಿದಿದ್ದಾಳೆ. ಬಿದ್ದು ತಲೆಗೆ ಪೆಟ್ಟಾಗಿ ಹೆಸರು ಮರೆತಿರಬಹುದು. ಯಾರೋ ಪುಣ್ಯಾತ್ಮರ ಮನೆಯಲ್ಲಿ ಅನ್ನ ತಿನ್ನುತ್ತಿದ್ದಾಳೆ.

ಆ ಬದಿಯ ಊರುಗಳ ಮಸೀದಿಗಳಲ್ಲಿ ಅಂಟಿಸಲು ಚೀಟಿ ಬರೆಸಿ. ಕಡುಗೆಂಪು ಜಾಕೆಟ್, ಚೌಕದ ಹೊಲಿಗೆ, ಒಂಬತ್ತು ಕಪ್ಪು ಗುಂಡಿ, ಕಾಲರಿನೊಳಗೆ ಹಳದಿ ಹೆಸರು. ಎಡ ತೋಳಿನ ತುದಿಯಲ್ಲಿ ಹೊಲಿಗೆ ಒಂದು ಕಡೆ ವಕ್ರವಾಗಿದೆ, ಆವತ್ತು ಕರೆಂಟು ಹೋಗಿತ್ತು. ನನ್ನ ಹೊಲಿಗೆಯಲ್ಲಿ ತಪ್ಪು ಇರುವುದಿಲ್ಲ, ಆದ್ದರಿಂದ ಅದೊಂದು ಗುರುತು.

ಹಬ್ಬ ಹತ್ತಿರ ಬಂತು. ಊರಿನವರ ಹಬ್ಬದ ಬಟ್ಟೆಗಳ ನಡುವೆ ಅವಳದೂ ಒಂದು ಕತ್ತರಿಸಿದ್ದೇನೆ, ತಿಳಿಹಸಿರು.

ಸುಮಾರ್ನಿ

*

ವಾತುಲಾವಂಗ್, 28 ಮಾರ್ಚ್ 1994

ದಿಕ್ ಸುಮಾರ್ನಿಗೆ,

ಹಬ್ಬದ ದಿನ ಕೇಳಬೇಕಾದ ಕ್ಷಮೆಯನ್ನು ಈಗ ಕೇಳುತ್ತೇನೆ, ನಮ್ಮ ತಪ್ಪುಒಪ್ಪುಗಳನ್ನು ಮನ್ನಿಸು.

ಹತ್ತೊಂಬತ್ತನೆಯ ತಾರೀಕು ಶನಿವಾರ ಕಾಲೇಜಿನ ಮಕ್ಕಳು ಮತ್ತೆ ಬಂದಿದ್ದರು. ಅವರ ಜೊತೆ ಪಶ್ಚಿಮದ ಕೊರಕಲಿನ ಅಂಚಿಗೆ ಹೋದಾಗ ಜಾಕೆಟ್ ಸಿಕ್ಕಿತು. ಆ ಬಂಡೆಯಿಂದ ಇನ್ನೂರು ಹೆಜ್ಜೆ ಕೆಳಗೆ, ಆಳೆತ್ತರ ಬೆಳೆದ ಹುಲ್ಲಿನ ಒಳಗೆ. ಜಾಕೆಟ್ ಮಾತ್ರ. ಕಾಲರಿನಲ್ಲಿ ಹೆಸರಿದೆ, ಸಂಶಯವಿಲ್ಲ.

ಒಣಗಿಸಿ, ಈ ಕಾಗದದ ಜೊತೆ ಕಟ್ಟಿ ಕಳಿಸುತ್ತಿದ್ದೇನೆ. ಕಳಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅದು ನಿನ್ನದು.

ಆ ಬದಿಯ ಊರುಗಳಲ್ಲಿ ಚೀಟಿ ಅಂಟಿಸಿ ಬಂದಿದ್ದೇನೆ. ಯಾರೂ ನೋಡಿಲ್ಲ. ದಿಕ್, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಲು ಶುರು ಮಾಡು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ತರ್ನೊ

*

ತುಬಾನ್, 9 ಏಪ್ರಿಲ್ 1994

ಮಾಸ್ ತರ್ನೊ ಅವರಿಗೆ,

ಕಟ್ಟು ತಲುಪಿತು. ಬಿಚ್ಚುವ ಮೊದಲು ಕೈಕಾಲು ತೊಳೆದು ನಮಾಜು ಮಾಡಿದೆ. ನೀವು ಗಂಡಸರು, ಬಟ್ಟೆಯನ್ನು ನೋಡುವುದು ನಿಮಗೆ ಗೊತ್ತಿಲ್ಲ. ನಾನು ನೋಡಿದೆ, ನೋಡಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಒಂಬತ್ತು ಗುಂಡಿಯೂ ಇವೆ. ಒಂದೂ ಕಿತ್ತಿಲ್ಲ, ಕಾಜಾ ಹರಿದಿಲ್ಲ. ಯಾರೋ ಎಳೆದದ್ದಲ್ಲ, ಬಿದ್ದು ಸಿಕ್ಕಿಹಾಕಿಕೊಂಡದ್ದೂ ಅಲ್ಲ. ಒಂದೊಂದಾಗಿ ಬಿಚ್ಚಿ ತೆಗೆದದ್ದು. ಚಳಿಯಲ್ಲಿ ಸಾಯುವವಳು ಜಾಕೆಟ್ ಬಿಚ್ಚುತ್ತಾಳೆಯೇ? ಮಂಜು ಸರಿದು ಬಿಸಿಲು ಬಂದಿದೆ, ನಡೆದು ಸೆಕೆಯಾಗಿದೆ, ಅವಳೇ ತೆಗೆದಿದ್ದಾಳೆ. ಸೆಕೆಯಾದಾಗ ಬಟ್ಟೆಯನ್ನು ಅಲ್ಲಲ್ಲೇ ಬಿಟ್ಟುಹೋಗುವುದು ಚಿಕ್ಕಂದಿನಿಂದಲೂ ಅವಳ ಅಭ್ಯಾಸ.

ಇನ್ನೊಂದು. ಅದಕ್ಕೆ ಹೊಗೆಯ ವಾಸನೆ ಇದೆ, ಒಲೆಯ ಹೊಗೆ. ಎರಡು ತಿಂಗಳು ಮಳೆಯಲ್ಲಿ ಬಿದ್ದಿದ್ದ ಬಟ್ಟೆಗೆ ಒಲೆಯ ವಾಸನೆ ಎಲ್ಲಿಂದ ಬರಬೇಕು? ಅವಳು ಯಾರದೋ ಅಡುಗೆಮನೆಯಲ್ಲಿ ಇದ್ದಳು. ಪಕ್ಕದ ಮನೆಯ ಬು ದಾರ್ಸಿಯ ಕೈಗೆ ಕೊಟ್ಟು ಮೂಸಿ ನೋಡಲು ಹೇಳಿದೆ. ಹೌದು, ಸೌದೆಯ ಹೊಗೆಯೇ ಎಂದಳು. ಆ ಮನೆಯನ್ನು ಹುಡುಕಿ ಮಾಸ್. ಬೇಡಿಕೊಳ್ಳುತ್ತೇನೆ.

ನಾನು ಅದನ್ನು ಒಗೆದಿಲ್ಲ.

ಸುಮಾರ್ನಿ

*

ತುಬಾನ್, 2 ಜೂನ್ 1994

ತರ್ನೊ ಅವರಿಗೆ,

ಏಪ್ರಿಲಿನ ಕಾಗದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಈಗ ಗೊತ್ತಾಯಿತು.

ಹೋದ ವಾರ ವೆನಿಂಗಳ ಕಾಲೇಜಿನ ಗೆಳತಿ ಲಾಸ್ಮಿ ಮನೆಗೆ ಬಂದಿದ್ದಳು. ಜಾಕೆಟ್ ತೋರಿಸಿ, ಗುಂಡಿಗಳನ್ನು ತೋರಿಸಿ, ನಾನು ನಿಮಗೆ ಬರೆದದ್ದನ್ನೇ ಅವಳಿಗೂ ಹೇಳಿದೆ. ಹುಡುಗಿ ಕೇಳುತ್ತಾ ಅಳತೊಡಗಿದಳು. "ಬು, ಜಾಕೆಟ್ ಒಂದೇ ಅಲ್ಲ ಸಿಕ್ಕಿದ್ದು. ಎಲ್ಲಾ ಸಿಕ್ತು. ಪ್ಯಾಂಟು, ಅಂಗಿ, ಒಳಗಿನದೂ. ನಿಮಗೆ ಹೇಳ್ಬಾರ್ದು ಅಂತ ಪಾಕ್ ತರ್ನೊ ನಮ್ಮೆಲ್ಲರ ಹತ್ರ ಆಣೆ ಮಾಡಿಸ್ಕೊಂಡ್ರು," ಅಂದಳು.

ನನ್ನ ಮಗಳ ಮೈಮೇಲಿನ ಬಟ್ಟೆಯೆಲ್ಲ ಬೆಟ್ಟದ ಮೇಲೆ ಚೆಲ್ಲಿ ಬಿದ್ದಿತ್ತು. ನೀವು ಅದರಲ್ಲಿ ಒಂದನ್ನು ಆರಿಸಿ, ಒಣಗಿಸಿ, ನನಗೆ ಕಳಿಸಿ ಸುಮ್ಮನಾದಿರಿ. ಅದನ್ನು ಮೂಸಿಕೊಂಡು ನಾನು ಎರಡು ತಿಂಗಳು ಸಂತೋಷದಲ್ಲಿದ್ದೆ.

ಕೊನೆಗೆ ಅವಳ ಜೊತೆ ಇದ್ದವನು ಒಬ್ಬನೇ. ಮುಕ್ಕಾಲು ಗಂಟೆ ಎಂದವನೂ ಅವನೇ. ನಾನು ಬಾಬಾತ್‌ಗೆ ಆ ಗಿಯಂತೊನ ಮನೆಗೆ ಹೋದೆ. ಅವನ ತಂದೆ ತಾಯಿ ಎದುರಿಗೆ, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದಾಗ ಕೇಳಿದೆ, ನನ್ನ ಮಗಳಿಗೆ ಏನು ಮಾಡಿದೆ ಎಂದು. ಅವನು ಬಾಯಿ ಬಿಡಲಿಲ್ಲ. ತಲೆ ಎತ್ತಲೂ ಇಲ್ಲ. ತಪ್ಪು ಮಾಡದವನು ಹಾಗೆ ನಿಲ್ಲುತ್ತಾನೆಯೇ? ಪೊಲೀಸರಲ್ಲೂ ಬರೆದುಕೊಟ್ಟು ಬಂದಿದ್ದೇನೆ.

ನೀವು ಯಾರನ್ನು ಕಾಪಾಡುತ್ತಿದ್ದೀರಿ? ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ. ಇಲ್ಲವಾದರೆ ನನ್ನ ಗಂಡನಿಗೆ ಅಣ್ಣನೇ ಇರಲಿಲ್ಲವೆಂದು ತಿಳಿದುಕೊಳ್ಳುತ್ತೇನೆ.

ಸುಮಾರ್ನಿ

*

ವಾತುಲಾವಂಗ್, 10 ಜೂನ್ 1994

ದಿಕ್ ಸುಮಾರ್ನಿಗೆ,

ಆ ಹುಡುಗನನ್ನು ಬಿಟ್ಟುಬಿಡು. ಮೊದಲು ಅದೊಂದು ಮಾಡು. ಇಂದೇ ಪೊಲೀಸರ ಹತ್ತಿರ ಹೋಗಿ ಕೊಟ್ಟದ್ದನ್ನು ವಾಪಸು ತೆಗೆದುಕೋ. ಅವನ ತಂದೆಗೂ ಇದೇ ವಿಷಯ ಬರೆದು ಇದೇ ಅಂಚೆಗೆ ಹಾಕುತ್ತಿದ್ದೇನೆ. ಅವನಿಂದ ಏನೂ ಆಗಿಲ್ಲ. ಆಗಿದ್ದರೆ ನನ್ನಿಂದ.

ಮೂವತ್ತು ವರ್ಷದಲ್ಲಿ ಚಳಿಗೆ ಸತ್ತವರನ್ನು ನಾನು ಈ ಬೆಟ್ಟದಿಂದ ನಾಲ್ಕು ಸಲ ಇಳಿಸಿದ್ದೇನೆ. ಅದರಲ್ಲಿ ಮೂವರ ಮೈಮೇಲೆ ಬಟ್ಟೆಯಿರಲಿಲ್ಲ. ಮೂವರೂ ಗಂಡಸರು, ಒಬ್ಬ ಒಂಟಿಯಾಗಿ ಹತ್ತಿದ್ದವನು. ಮೊದಲನೆಯವನನ್ನು ನೋಡಿದಾಗ ಕಳ್ಳರ ಕೆಲಸವೆಂದುಕೊಂಡಿದ್ದೆ. ಪಟ್ಟಣದ ವೈದ್ಯರೊಬ್ಬರು ತಿಳಿಸಿ ಹೇಳಿದರು. ಚಳಿ ಮೈಯ ಒಳಗೆ ಹೊಕ್ಕು ಇನ್ನು ಸ್ವಲ್ಪವೇ ಉಳಿದಿದೆ ಎನ್ನುವಾಗ ಒಮ್ಮೆಲೇ ಮೈಯೆಲ್ಲ ಉರಿಯುವ ಹಾಗೆ ಅನಿಸುತ್ತದಂತೆ. ಬೆಂಕಿಯ ಪಕ್ಕ ಕೂತವರಂತೆ ಅವರೇ ಒಂದೊಂದಾಗಿ ಬಿಚ್ಚಿ ಎಸೆಯುತ್ತಾರಂತೆ. ಬುದ್ಧಿ ಆಗ ಸ್ಥಿಮಿತದಲ್ಲಿ ಇರುವುದಿಲ್ಲ. ನೀನು ಬರೆದೆ, ಗುಂಡಿಗಳನ್ನು ಅವಳೇ ಬಿಚ್ಚಿದಳು ಎಂದು. ನಿಜ. ಸೆಕೆಯಾಗಿ ಬಿಚ್ಚಿದಳು ಎಂದೆ. ಅದೂ ನಿಜ. ಓದಿ ನನಗೆ ಕೈ ಬರಲಿಲ್ಲ, ಉತ್ತರ ಬರೆಯಲಿಲ್ಲ.

ಜಾಕೆಟ್, ಮೂವತ್ತು ಹೆಜ್ಜೆ ಆಚೆ ಅಂಗಿ, ಅದರಾಚೆ ಉಳಿದವು, ಎಲ್ಲ ಕೊರಕಲಿನ ಕಡೆಗೆ ಹೋಗಿದ್ದವು. ಅಂಚಿನಲ್ಲಿ ಒಂದು ಕಾಲುಚೀಲ. ಕೆಳಗೆ ಇಳಿಯುವ ದಾರಿಯಿಲ್ಲ, ಹಗ್ಗ ಬಿಟ್ಟು ಎರಡು ಸಲ ಇಳಿದೆವು. ಮಳೆಗಾಲದಲ್ಲಿ ಅಲ್ಲಿ ಹೊಳೆ ಹರಿಯುತ್ತದೆ. ಏನೂ ಇರಲಿಲ್ಲ. ಹೆಣ್ಣುಮಗಳ ಒಳಬಟ್ಟೆಯನ್ನು ಕಟ್ಟಿ ತಾಯಿಗೆ ಅಂಚೆಯಲ್ಲಿ ಕಳಿಸುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಪೈನಾ ಅವನ್ನು ಒಗೆದು ಬಿಳಿ ಬಟ್ಟೆಯಲ್ಲಿ ಸುತ್ತಿ, ನಮ್ಮಪ್ಪನ ಗೋರಿಯ ಪಕ್ಕ ಹೂತಳು.

ಆ ಹೊಗೆ ನಮ್ಮ ಮನೆಯದು. ಹತ್ತಿ ಒಣಗಲೇ ಇಲ್ಲ. ಮೂರು ದಿನ ಒಲೆಯ ಮೇಲೆ ತೂಗುಹಾಕಿ ಒಣಗಿಸಿದೆವು.

ಇನ್ನೊಂದು ಉಳಿದಿದೆ. ಇಪ್ಪತ್ತೆಂಟರ ಬೆಳಿಗ್ಗೆ ಅವಳು ಈ ದೊಡ್ಡಪ್ಪನ ಎದುರು ನಿಂತು ಸುತ್ತು ತಿರುಗಿ ತೋರಿಸಿದಳು. "ಸರಿ ಇದೆಯಾ ಪಾಕ್ಡೆ? ಅಮ್ಮ ಹನ್ನೊಂದು ದಿನ ಕೂತು ಹೊಲಿದಿದ್ದು," ಅಂದಳು. ನಾನು ಮುಟ್ಟಿ ನೋಡಿದೆ. ಮುಟ್ಟಿದ ಕೂಡಲೇ ಗೊತ್ತಾಯಿತು. ಹತ್ತಿ ಒಣಗಿದ್ದಾಗ ಮಾತ್ರ ಬೆಚ್ಚಗೆ. ನೆಂದರೆ ನೀರನ್ನು ಕುಡಿದು ಮೈಗೆ ಅಂಟಿ ಕೂರುತ್ತದೆ, ಇದ್ದ ಬಿಸಿಯನ್ನೂ ಹೀರಿಬಿಡುತ್ತದೆ. ಈ ಬೆಟ್ಟದ ಮಳೆಯಲ್ಲಿ ಅದನ್ನು ತೊಡುವುದಕ್ಕಿಂತ ಏನೂ ತೊಡದಿರುವುದೇ ಮೇಲು. ಇದು ಇಲ್ಲಿನ ದನ ಕಾಯುವವರಿಗೂ ಗೊತ್ತು. ನಿನಗೆ ಬರೆದಾಗ ದಪ್ಪ ದಪ್ಪ ಎಂದು ಬರೆದೆ, ಹತ್ತಿ ಬೇಡವೆಂದು ಬರೆಯುವುದು ಮರೆತೆ. ಗೋಡೆಯ ಮೊಳೆಗೆ ನನ್ನ ನೈಲಾನ್ ಜಾಕೆಟ್ ತೂಗುತ್ತಿತ್ತು. ಇದನ್ನು ಬಿಚ್ಚಿಟ್ಟು ಅದನ್ನು ಹಾಕ್ಕೊಂಡು ಹೋಗು ಮಗಳೇ ಎನ್ನಬೇಕಿತ್ತು, ಬಾಯಿಯವರೆಗೆ ಬಂದಿತ್ತು. ಅವಳ ಮುಖ ನೋಡಿ, ನಿನ್ನ ಹೊಲಿಗೆ ನೋಡಿ, ಮಳೆ ಬಾರದೇ ಇರಬಹುದು ಎಂದುಕೊಂಡೆ. "ಚೆನ್ನಾಗಿದೆ," ಅಂದೆ.

ಗಿಯಂತೊ ನನಗೊಬ್ಬನಿಗೆ ಹೇಳಿದ, ಕೊನೆಗೆ ಅದು ನೆಂದ ಹಾಸಿಗೆಯಂತೆ ಭಾರವಾಗಿತ್ತು, ಬಿಚ್ಚು ಎಂದರೆ ಅವಳು ಕೇಳಲಿಲ್ಲ ಎಂದು. ನಿನ್ನ ಎದುರು ತಲೆ ಎತ್ತದೆ ನಿಂತನಲ್ಲ, ಈ ಮಾತು ಬಾಯಿಗೆ ಬಂದುಬಿಟ್ಟೀತು ಎಂದು ನಿಂತಿರಬೇಕು.

ನಾನು ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ. ನೀನು ನನ್ನನ್ನು ಏನು ಬೇಕಾದರೂ ಅನ್ನು.

ತರ್ನೊ

*

ತುಬಾನ್, 17 ಜುಲೈ 1994

ಮಾಸ್ ತರ್ನೊ ಅವರಿಗೆ,

ನಿಮ್ಮ ಕಾಗದ ಬಂದು ಒಂದು ತಿಂಗಳಾಯಿತು. ಪೊಲೀಸರಲ್ಲಿ ಕೊಟ್ಟದ್ದನ್ನು ವಾಪಸು ತೆಗೆದುಕೊಂಡೆ. ಬಾಬಾತ್‌ಗೂ ಹೋಗಿದ್ದೆ. ಗಿಯಂತೊ ಅಲ್ಲಿ ಇಲ್ಲ. ಕಾಲೇಜು ಬಿಟ್ಟು ಕಾಲಿಮಂತಾನಿನ ಮರದ ಕಾರ್ಖಾನೆಗೆ ಹೋಗಿದ್ದಾನಂತೆ. ನಾನು ಅವನ ಮೇಲೆ ಕೂಗಾಡಿ ಬಂದ ಮೂರನೆಯ ದಿನವೇ ಹಡಗು ಹತ್ತಿದನಂತೆ. ನಿಮ್ಮ ಕಾಗದ ಅವರಿಗೆ ತಲುಪುವಷ್ಟರಲ್ಲಿ ಅವನು ಹೋಗಿಯಾಗಿತ್ತು. ಅವನ ತಾಯಿ ನನಗೆ ನೀರು ಕೊಟ್ಟಳು, ಕೂರು ಎನ್ನಲಿಲ್ಲ. ವಿಳಾಸ ಕೇಳಿದೆ. "ಅವ್ನು ಯಾರಿಗೂ ಕೊಡ್ಬೇಡ ಅಂದಿದಾನೆ. ನಮಗೂ ಕಾಗದ ಬರೆಯಲ್ಲ," ಅಂದಳು. ಆ ಮನೆಗೂ ಒಬ್ಬನೇ ಮಗ.

ನೀವು ಬರೆದದ್ದನ್ನು ಓದಿ ನಿಮ್ಮ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

ನನ್ನದನ್ನೂ ಕೇಳಿ. ಸಂಘದವರು ಒಂದು ಪಟ್ಟಿ ಕೊಟ್ಟಿದ್ದರು, ಏನು ತೊಡಬೇಕು ಏನು ತೊಡಬಾರದು ಎಂದು. ನಾನು ಜಾಕೆಟ್ ತೊಡಿಸಿ ನೋಡಿದ ಆ ಮಧ್ಯಾಹ್ನ ಅವಳು ಅದನ್ನು ತಂದು ನನ್ನ ಯಂತ್ರದ ಪಕ್ಕ ನಿಂತು ಓದಿದಳು. "ಬು, ಇದ್ರಲ್ಲಿ ಹತ್ತಿ ಬಟ್ಟೆ ಬೇಡ ಅಂತ ಬರ್ದಿದಾರೆ, ಕೆಳಗೆ ಗೆರೆನೂ ಎಳ್ದಿದಾರೆ. ಲಾಸ್ಮಿ ಹತ್ರ ಇನ್ನೊಂದು ಜಾಕೆಟ್ ಇದೆ, ಕೇಳ್ಲಾ?" ಅಂದಳು. ಹನ್ನೊಂದು ದಿನದ ಕೆಲಸ ನನ್ನ ಕೈಯಲ್ಲಿತ್ತು. "ಹುಟ್ಟಿದಾಗಿಂದ ನಿನ್ನನ್ನ ಹತ್ತಿಯಲ್ಲೇ ಸುತ್ತಿ ಬೆಳ್ಸಿದೀನಿ. ಈಗ ಯಾರೋ ಬರ್ದಿದ್ದು ನಂಗಿಂತ ಹೆಚ್ಚಾಯ್ತಾ? ಬೇಕಾದ್ರೆ ಹಾಕ್ಕೋ, ಬೇಡಾದ್ರೆ ಕತ್ತರಿ ತಗೊಂಡು ಕತ್ತರಿಸಿಹಾಕು," ಅಂದೆ. ಅವಳು ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು. "ಚೆನ್ನಾಗಿದೆ ಬು," ಅಂದಳು. ನಿಮಗೆ ಬರೆಯುವಾಗ ಏನೋ ಗೊಣಗಿದಳು ಎಂದಷ್ಟೇ ಬರೆದೆ.

ಬಂಡೆಯ ಹತ್ತಿರ ಗಿಯಂತೊ ಬಿಚ್ಚು ಎಂದರೆ ಯಾಕೆ ಕೇಳಲಿಲ್ಲ ಎಂದು ನನಗೆ ಗೊತ್ತು.

ನಾವಿಬ್ಬರೂ ಅವಳಿಗೆ ಒಂದೊಂದು ಮಾತು ಹೇಳಿದೆವು ಮಾಸ್. ಹೇಳಬಾರದ್ದನ್ನು ನಾನು ಹೇಳಿದೆ, ಹೇಳಬೇಕಾದ್ದನ್ನು ನೀವು ಬಿಟ್ಟಿರಿ. ಇನ್ನು ನಿಮಗೆ ಬರೆಯಲು ನನ್ನ ಹತ್ತಿರ ಏನೂ ಉಳಿದಿಲ್ಲ. ಯು ಪೈನಾ ಆ ಬಟ್ಟೆ ಹೂತ ಜಾಗಕ್ಕೆ ಒಂದು ಕಲ್ಲು ಇಡಲಿ, ಹೆಸರು ಬೇಡ.

ಸುಮಾರ್ನಿ

*

ವಾತುಲಾವಂಗ್, 27 ನವೆಂಬರ್ 1994

ದಿಕ್ ಸುಮಾರ್ನಿಗೆ,

ಇದು ಉತ್ತರವಿಲ್ಲದೆ ಬರೆಯುತ್ತಿರುವ ಮೂರನೆಯ ಕಾಗದ. ನೀನು ಬರೆಯುವುದಿಲ್ಲ ಎಂದು ಗೊತ್ತು. ಹೊಲಿಗೆ ನಿಲ್ಲಿಸಿದ್ದೀಯೆ, ಯಂತ್ರದ ಮೇಲೆ ಬಟ್ಟೆ ಮುಚ್ಚಿದ್ದೀಯೆ ಎಂದು ಲಾಸ್ಮಿ ಬರೆದಿದ್ದಳು.

ಮಳೆ ಶುರುವಾಗಿದೆ. ಈ ವರ್ಷ ನಾನು ಜಗಲಿಯಲ್ಲಿ ಒಬ್ಬರನ್ನೂ ನೋಡದೆ ಬಿಡುತ್ತಿಲ್ಲ. ಚೀಲ ಬಿಚ್ಚಿಸುತ್ತೇನೆ, ಮೈಮೇಲಿನದನ್ನು ಹಿಂಡಿ ನೋಡುತ್ತೇನೆ. ಹತ್ತಿಯಾದರೆ, ಜೀನ್ಸ್ ಆದರೆ ಹಿಂದಕ್ಕೆ ಕಳಿಸುತ್ತೇನೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಊರಿನವರೂ ಹೇಳತೊಡಗಿದ್ದಾರೆ.

ಶುಕ್ರವಾರ ನಾಲ್ವರು ಬಂದರು, ಪಟ್ಟಣದ ಹುಡುಗರು. ನಾಲ್ವರಿಗೂ ಜೀನ್ಸ್, ಹತ್ತಿಯ ಬನಿಯನ್ನು, ಮೇಲೆ ತೆಳ್ಳನೆಯ ಒಂದೊಂದು ಅಂಗಿ. ಹೋಗಬೇಡಿ ಎಂದೆ. ನಕ್ಕರು. ಕೈ ಹಿಡಿದುಕೊಂಡೆ. ಇಲ್ಲಿ ಒಬ್ಬಳು ಹುಡುಗಿ ಸತ್ತಳು, ನನ್ನ ತಮ್ಮನ ಮಗಳು ಎಂದು ಹೇಳಿದೆ. ಇದುವರೆಗೆ ಯಾರ ಎದುರೂ ಆ ಮಾತು ಆಡಿರಲಿಲ್ಲ. ಅವರಲ್ಲಿ ಒಬ್ಬ, "ಪಾಪ, ಆದ್ರೆ ಪಾಕ್, ಎಲ್ಲರ ಹಣೇಲೂ ಒಂದೇ ಥರ ಬರ್ದಿರಲ್ಲ," ಅಂದ. ಕೈ ಬಿಡಿಸಿಕೊಂಡು ಹೋಗಿ, ಪಕ್ಕದ ಊರಿನ ದಾರಿ ಹಿಡಿದು ಹತ್ತಿದರು. ಮಧ್ಯಾಹ್ನದಿಂದ ಮಳೆ ಸುರಿಯಿತು, ಕಳೆದ ಜನವರಿಯಂಥದ್ದೇ ಮಳೆ. ಊರಿನ ಆರು ಜನರನ್ನು ಒಟ್ಟುಮಾಡಿ, ಹಗ್ಗ ಕಂಬಳಿ ಕಟ್ಟಿಸಿ, ಬೆಳಗಾಗುವುದನ್ನೇ ಕಾದೆ.

ಮರುದಿನ ಹತ್ತು ಗಂಟೆಗೆ ನಾವು ಹೊರಡುವ ಮೊದಲೇ ಇಳಿದು ಬಂದರು. ನಾಲ್ವರೂ. ಜೀನ್ಸಿನಿಂದ ನೀರು ಸೋರುತ್ತಿತ್ತು, ತುಟಿ ಸ್ವಲ್ಪ ನೀಲಿಯಾಗಿತ್ತು, ಅಷ್ಟೇ. ನಮ್ಮ ಎದುರಿನ ಅಂಗಡಿಯಲ್ಲೇ ಕೂತು ಬಿಸಿ ನೂಡಲ್ಸ್ ತಿಂದರು. ಆ ಮಾತು ಆಡಿದವನು ನನ್ನನ್ನು ನೋಡಿ ಕೈ ಬೀಸಿದ.

ಅವರಿಗೆ ಏನೂ ಆಗಲಿಲ್ಲ ದಿಕ್. ಆಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಆದರೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅದೇ ಹತ್ತಿ, ಅದೇ ಮಳೆ, ಅವರು ಇಳಿದು ಬಂದರು. ಈ ಮಾತು ಅರ್ಥವಾಗುವವರು ನಿನ್ನನ್ನು ಬಿಟ್ಟರೆ ಇನ್ನು ಯಾರೂ ಇಲ್ಲ. ಅದಕ್ಕೇ ಬರೆದೆ.

ತರ್ನೊ